ಪೆಟ್ಟಿಗೆಯೊಳಗಿನ ಬಿಸಿಲು

ಬಳ್ಳಾರಿ ಸೀಮೆಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಆ ಕಡೆಯ ಜನರೇ ನಗೆಯಾಡುವುದುಂಟು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು ಈಗ 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿವೆ. ಜಿಲ್ಲೆಯ ಹೆಸರು ಬದಲಾದರೂ ಬಿಸಿಲು ಬದಲಾಗಿಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು, ದಾಟುವುದು ಇಲ್ಲಿ ಹೊಸ ಸಂಗತಿಯಲ್ಲ. ಈ ಬಿಸಿಲನ್ನು ಬಲ್ಲ ಜನ ಅದಕ್ಕೆ ತಕ್ಕಂತೆ ಬಾಳಲು ಕಲಿತಿದ್ದಾರೆ. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆ ಕಟ್ಟಿದರು. ಹಡಗಲಿಯ ಮಲ್ಲಿಗೆ ಮೊಗ್ಗನ್ನು ಹೊತ್ತೇರುವ ಮುಂಚೆಯೇ ಬಿಡಿಸಿದರು. ಹೊಲದ ಕೆಲಸವನ್ನು ತಂಪುಹೊತ್ತಿಗೆ ಇಟ್ಟುಕೊಂಡರು.

ಆದರೆ ಈಚಿನ ಕೆಲವು ದಶಕಗಳಲ್ಲಿ ಈ ಊರುಗಳಿಗೆ ಬಂದು ನೆಲೆಸಿದ ಹೊಸ ನಿವಾಸಿಗಳಿಗೆ ಈ ವಿದ್ಯೆ ಬಾರದು. ಟಿ.ವಿ., ಇನ್‌ವರ್ಟರ್, ಎಲ್‌ಇಡಿ ಬಲ್ಬು, ಪಂಪ್‌ಸೆಟ್ಟಿನ ಸ್ಟಾರ್ಟರ್, ಮೊಬೈಲ್ ಫೋನು ಇವೆಲ್ಲ ಎಲೆಕ್ಟ್ರಾನಿಕ್ ಬಿಡಿಭಾಗಗಳಿಂದಾದವು. ಬೇಸಿಗೆಯಲ್ಲಿ ಇಂಥ ಒಂದು ಸಾಮಾನು ಕೆಟ್ಟು ರಿಪೇರಿ ಅಂಗಡಿಗೆ ಬಂದರೆ ಮೆಕ್ಯಾನಿಕ್ ಪೆಟ್ಟಿಗೆ ಬಿಚ್ಚಿ ನೆತ್ತಿ ಉಬ್ಬಿದ ಒಂದು ಪುಟ್ಟ ಕೆಪಾಸಿಟರನ್ನು ಕಿತ್ತು ತೋರಿಸುತ್ತಾನೆ. ಅದರ ಮೈಮೇಲೆ 85 ಡಿಗ್ರಿ ಎಂದು ಅಚ್ಚಾಗಿರುತ್ತದೆ. ‘ನಮ್ಮೂರಾಗ ಬಿಸ್ಲು ನಲವತ್ತೆರಡು. ಇದ್ರ ಮ್ಯಾಲೆ ಎಂಬತ್ತೈದು ಅಂತ ಐತಲ್ಲಣ್ಣ, ಮತ್ಯಾಕ ಸುಟ್ಟೋತು?’ ಎಂದು ಗಿರಾಕಿ ಕೇಳಿದರೆ ಅದು ತೀರ ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ಆ ಅಂಕಿ ಎಲ್ಲಿಂದ ಬಂತು, ಯಾರಿಗಾಗಿ ಹುಟ್ಟಿತು ಎಂಬ ಇತಿಹಾಸವನ್ನು ಸ್ವಲ್ಪ ನೋಡಬೇಕಾಗುತ್ತದೆ.

ಎರಡು ಬೇರೆ ಬೇರೆ ಬಿಸಿಲು

ಮೊದಲಿಗೆ ಒಂದು ಗೊಂದಲ ಬಗೆಹರಿಯಬೇಕು. ಹವಾಮಾನ ಇಲಾಖೆ ಹೇಳುವ 42 ಡಿಗ್ರಿ ಎಂಬುದು ನೆರಳಿನ ಲೆಕ್ಕ. ಬಿಳಿ ಬಣ್ಣ ಬಳಿದ, ಗಾಳಿಯಾಡಲು ಸೀಳುಗಳಿರುವ ಮರದ ಗೂಡಿನೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಉಷ್ಣಮಾಪಕವನ್ನಿಟ್ಟು ಅಳೆದ ಗಾಳಿಯ ಉಷ್ಣಾಂಶ ಅದು. 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ರೂಪಿಸಿದ ಈ ಗೂಡು ಇಂದಿಗೂ ಅವನ ಹೆಸರಿನಲ್ಲೇ ಇದೆ. ಬಿಡಿಭಾಗದ ಮೇಲಿನ 85 ಡಿಗ್ರಿಗೂ ಈ ಗೂಡಿಗೂ ಯಾವ ಸಂಬಂಧವೂ ಇಲ್ಲ. ಅದು ಪೆಟ್ಟಿಗೆಯ ಒಳಗೆ, ಆ ಬಿಡಿಭಾಗದ ಮೈಗೆ ತಾಗಿದಂತೆ ಇರುವ ಉಷ್ಣಾಂಶದ ಮಿತಿ. ತಗಡಿನ ಶೀಟಿನ ಕೆಳಗಿರುವ ಕೋಣೆ ಹೊರಗಿನ ನೆರಳಿಗಿಂತ ಬಿಸಿ. ಆ ಕೋಣೆಯಲ್ಲಿರುವ, ಗಾಳಿಯಾಡದ ಪೆಟ್ಟಿಗೆ ಕೋಣೆಗಿಂತ ಬಿಸಿ. ಪೆಟ್ಟಿಗೆಯೊಳಗೆ ಕರೆಂಟು ಹರಿದು ತಾನೇ ಕಾಯುವ ಭಾಗ ಪೆಟ್ಟಿಗೆಗಿಂತಲೂ ಬಿಸಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿಸಿಯನ್ನು ಕೂಡಿಸಿ ನೋಡದೆ ಆ ಅಂಕಿಯನ್ನು ಓದಿದರೆ ಅರ್ಥ ತಪ್ಪುತ್ತದೆ.

ಬಿಸಿಯೇ ಆಯುಸ್ಸು ತಿನ್ನುವುದೇಕೆ ಎಂಬುದಕ್ಕೆ ವಿವರಣೆ ರಸಾಯನಶಾಸ್ತ್ರದಿಂದ ಬಂತು. ಉಷ್ಣಾಂಶ ಏರಿದಂತೆ ರಾಸಾಯನಿಕ ಕ್ರಿಯೆಗಳ ವೇಗ ಹೇಗೆ ಏರುತ್ತದೆ ಎಂಬುದರ ಸೂತ್ರವನ್ನು ಸ್ವೀಡನ್ನಿನ ವಿಜ್ಞಾನಿ ಸ್ವಾಂತೆ ಅರೇನಿಯಸ್ 1889ರಲ್ಲಿ ಮಂಡಿಸಿದ. ಮುಂದೆ 1903ರಲ್ಲಿ ಆತನಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಇದನ್ನೇ ವಿದ್ಯುತ್ ಯಂತ್ರಗಳಿಗೆ ಅನ್ವಯಿಸಿದಂತೆ ಅಮೆರಿಕದ ಎಂಜಿನಿಯರ್ ವಿ.ಎಂ. ಮಾಂಟ್‌ಸಿಂಗರ್ 1930ರಲ್ಲಿ ಟ್ರಾನ್ಸ್‌ಫಾರ್ಮರುಗಳ ನಿರೋಧಕ ಕಾಗದವನ್ನು ಪರೀಕ್ಷಿಸಿ, ಪ್ರತಿ 8 ಡಿಗ್ರಿ ಹೆಚ್ಚಿದಂತೆ ಅದರ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂದು ತೋರಿಸಿದ. ಎಲೆಕ್ಟ್ರಾನಿಕ್ಸ್ ಲೋಕದಲ್ಲಿ ಇದು ‘10 ಡಿಗ್ರಿಗೆ ಅರ್ಧ ಆಯುಸ್ಸು’ ಎಂಬ ಸ್ಥೂಲ ನಿಯಮವಾಗಿ ಉಳಿದಿದೆ. ಅಂದರೆ ಬಿಸಿ ಒಮ್ಮೆಗೇ ಕೊಲ್ಲುವುದಕ್ಕಿಂತ ದಿನದಿನವೂ ಸ್ವಲ್ಪಸ್ವಲ್ಪವೇ ಸವೆಸುವುದು ಹೆಚ್ಚು.

ವಾಲ್ವಿನಿಂದ ಟ್ರಾನ್ಸಿಸ್ಟರಿಗೆ

ರೇಡಿಯೊದ ಮೊದಲ ಯುಗ ವಾಲ್ವುಗಳದು. ವಾಲ್ವಿನೊಳಗಿನ ತಂತಿ ಕೆಂಪಗೆ ಕಾಯ್ದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಆದ್ದರಿಂದಲೇ ಹಳೆಯ ರೇಡಿಯೊಗಳ ಹಿಂಬದಿಯ ಹಲಗೆಯಲ್ಲಿ ಸಾಲು ತೂತುಗಳಿರುತ್ತಿದ್ದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಯೂರೋಪು, ಅಮೆರಿಕಗಳಲ್ಲಿ ತಯಾರಾದ ಸೇನಾ ರೇಡಿಯೊಗಳು ಬರ್ಮಾ ಮತ್ತು ಪೆಸಿಫಿಕ್ ದ್ವೀಪಗಳ ಸೆಖೆ, ತೇವ, ಬೂಷ್ಟುಗಳಿಗೆ ಸಿಕ್ಕಿ ಕೆಟ್ಟವು. ಆಗ ಸೇನೆಗಳು ಬಿಡಿಭಾಗಗಳಿಗೆ ವಾರ್ನಿಷ್ ಬಳಿಸಿ ಮುಚ್ಚಿದವು. ಇಂತಿಷ್ಟು ಚಳಿ, ಇಂತಿಷ್ಟು ಬಿಸಿ, ಇಂತಿಷ್ಟು ತೇವ ತಾಳಲೇಬೇಕು ಎಂದು ತಯಾರಕರಿಗೆ ಲಿಖಿತ ಷರತ್ತು ಹಾಕಿದವು. ಇಂದಿನ ಉಷ್ಣಾಂಶ ಮಿತಿಗಳ ಹಿಂದೆ ಈ ಸೇನಾ ಷರತ್ತುಗಳ ನೆರಳಿದೆ.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದು ಜರ್ಮೇನಿಯಮ್ ಎಂಬ ಅರೆವಾಹಕದ್ದು. ಕಾಯಿಸಬೇಕಾದ ತಂತಿ ಇಲ್ಲ, ಕೆಲವು ಶೆಲ್ಲುಗಳಿಂದಲೇ ನಡೆಯುತ್ತದೆ ಎಂಬುದು ಇದರ ದೊಡ್ಡ ಗುಣ. ಕರೆಂಟು ಕಾಣದ ಹಳ್ಳಿಗೂ ರೇಡಿಯೊ ಹೊಕ್ಕದ್ದು ಇದರಿಂದ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ದನಿ ಬಳ್ಳಾರಿ ಸೀಮೆಯ ಹೊಲದ ಬದುವಿನವರೆಗೆ ಹೋಗಲು ದಾರಿಯಾದದ್ದು ಹೆಗಲಿಗೆ ನೇತುಹಾಕಿಕೊಳ್ಳುವ ಆ ಪುಟ್ಟ ಪೆಟ್ಟಿಗೆಯಿಂದ.

ಆದರೆ ಜರ್ಮೇನಿಯಮ್ಮಿಗೆ ಒಂದು ದೌರ್ಬಲ್ಯವಿತ್ತು. ಅದರೊಳಗಿನ ಇಲೆಕ್ಟ್ರಾನುಗಳು ಸ್ವಲ್ಪ ಬಿಸಿ ತಾಗಿದರೂ ಬಂಧನ ಕಳಚಿಕೊಂಡು ಓಡಾಡತೊಡಗುತ್ತವೆ. ಮುಚ್ಚಿದ ನಲ್ಲಿಯಿಂದ ನೀರು ಸೋರುವಂತೆ ಬೇಡದ ಕಡೆ ವಿದ್ಯುತ್ ಸೋರುತ್ತದೆ. ಸೋರಿಕೆಯಿಂದ ಬಿಸಿ ಹೆಚ್ಚುತ್ತದೆ, ಬಿಸಿಯಿಂದ ಸೋರಿಕೆ ಇನ್ನೂ ಹೆಚ್ಚುತ್ತದೆ. ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ ಇದು ಬೆಳೆದರೆ ಟ್ರಾನ್ಸಿಸ್ಟರ್ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಸಾಮಾನ್ಯ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳ ಒಳಗಿನ ಉಷ್ಣಾಂಶ 75ರಿಂದ 90 ಡಿಗ್ರಿಯನ್ನು ಮೀರುವಂತಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಇಟ್ಟ ರೇಡಿಯೊದ ದನಿ ಒಡೆಯುವುದಕ್ಕೆ, ನೆರಳಿಗೆ ತಂದು ಆರಿಸಿದರೆ ಸರಿಹೋಗುವುದಕ್ಕೆ ಇದೇ ಕಾರಣ.

ಇದಕ್ಕೆ ಪರಿಹಾರ ಸಿಲಿಕಾನ್. 1954ರ ಮೇ 10ರಂದು ಅಮೆರಿಕದ ಡೇಟನ್ ನಗರದಲ್ಲಿ ನಡೆದ ವಿಮಾನ ಎಲೆಕ್ಟ್ರಾನಿಕ್ಸ್ ಸಮ್ಮೇಳನದಲ್ಲಿ, ಸಿಲಿಕಾನ್ ಟ್ರಾನ್ಸಿಸ್ಟರ್ ಬರಲು ಇನ್ನೂ ವರ್ಷಗಳು ಬೇಕು ಎಂದು ಹಲವರು ಭಾಷಣ ಮಾಡಿದ್ದರು. ಕೊನೆಗೆ ಮಾತನಾಡಿದವರಲ್ಲಿ ಒಬ್ಬನಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಗೋರ್ಡನ್ ಟೀಲ್, ಅಂಥವು ತನ್ನ ಜೇಬಿನಲ್ಲೇ ಇವೆ ಎಂದುಬಿಟ್ಟ. ಹಾಡುತ್ತಿದ್ದ ಗ್ರಾಮಫೋನಿನ ಜರ್ಮೇನಿಯಮ್ ಟ್ರಾನ್ಸಿಸ್ಟರನ್ನು ಬಿಸಿ ಎಣ್ಣೆಯಲ್ಲಿ ಅದ್ದಿದ. ಹಾಡು ನಿಂತಿತು. ಅದರ ಜಾಗಕ್ಕೆ ಸಿಲಿಕಾನಿನದನ್ನು ಜೋಡಿಸಿ ಅದೇ ಎಣ್ಣೆಯಲ್ಲಿ ಅದ್ದಿದ. ಹಾಡು ನಿಲ್ಲಲಿಲ್ಲ. ಉಷ್ಣಾಂಶದ ಮಿತಿ ಎಂದರೇನು ಎಂಬುದನ್ನು ಇದಕ್ಕಿಂತ ಸರಳವಾಗಿ ಯಾರೂ ತೋರಿಸಿರಲಾರರು. ಸಿಲಿಕಾನ್ ಟ್ರಾನ್ಸಿಸ್ಟರುಗಳು ಒಳಗೆ 150 ಡಿಗ್ರಿಯವರೆಗೂ ತಾಳಬಲ್ಲವು.

ಜಾಲಹಳ್ಳಿಯ ಪಾತ್ರ

ಅದೇ 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ಸಹಯೋಗದೊಡನೆ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, ಸ್ಥಾಪನೆಯಾಯಿತು. ಅಲ್ಲಿ 1962ರಲ್ಲಿ ಜರ್ಮೇನಿಯಮ್ ಅರೆವಾಹಕಗಳ ತಯಾರಿಕೆ ಶುರುವಾಯಿತು. 1967ರಲ್ಲಿ ಸಿಲಿಕಾನಿನವು ಮತ್ತು ಐಸಿಗಳು ಬಂದವು. ರೇಡಿಯೊ ರಿಪೇರಿ ಕಲಿತ ಹಳಬರಿಗೆ ಈ ಬದಲಾವಣೆ ಟ್ರಾನ್ಸಿಸ್ಟರಿನ ಹೆಸರಿನಲ್ಲೇ ಗೊತ್ತಾಗುತ್ತಿತ್ತು. ಯೂರೋಪಿನ ಸಂಕೇತ ಪದ್ಧತಿಯಲ್ಲಿ ಮೊದಲ ಅಕ್ಷರ ‘ಎ’ ಆದರೆ ಜರ್ಮೇನಿಯಮ್, ‘ಬಿ’ ಆದರೆ ಸಿಲಿಕಾನ್. ‘ಎಸಿ 128’ ಹೋಗಿ ‘ಬಿಸಿ 148’ ಬಂತು. ಬಿಸಿಗೆ ಹೆದರದ ಟ್ರಾನ್ಸಿಸ್ಟರಿಗೆ ‘ಬಿಸಿ’ ಎಂಬ ಹೆಸರೇ ಬಂದದ್ದು ಕನ್ನಡದಲ್ಲಿ ಮಾತ್ರ ಸಿಗುವ ತಮಾಷೆ.

ಐಸಿಗಳ ಕಾಲ ಬಂದಾಗ ಬಿಸಿ ತಾಳಿಕೆಗೂ ವರ್ಗಗಳು ಬಂದವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1964ರಲ್ಲಿ ಹೊರತಂದ 54 ಸರಣಿಯ ಐಸಿಗಳು ಸೇನೆಗಾಗಿ ತಯಾರಾದವು. ಅವುಗಳ ವ್ಯಾಪ್ತಿ ಮೈನಸ್ 55ರಿಂದ 125 ಡಿಗ್ರಿ. ಜೆಟ್ ವಿಮಾನ ಹಾರುವ ಎತ್ತರದಲ್ಲಿ ಹೊರಗಿನ ಗಾಳಿ ಮೈನಸ್ 55ರ ಆಸುಪಾಸಿನಲ್ಲಿರುತ್ತದೆ ಎಂಬುದನ್ನು ನೆನೆದರೆ ಈ ಅಂಕಿ ವಿಚಿತ್ರವೆನಿಸದು. ಅದೇ ಐಸಿಗಳ ಜನಸಾಮಾನ್ಯರ ರೂಪ 74 ಸರಣಿ. ಅದಕ್ಕೆ ಸೊನ್ನೆಯಿಂದ 70 ಡಿಗ್ರಿ. ಇವೆರಡರ ನಡುವೆ ಕಾರ್ಖಾನೆಗಳಿಗಾಗಿ ಮೈನಸ್ 40ರಿಂದ 85 ಡಿಗ್ರಿಯ ವರ್ಗ ಬಂತು. ವಾಹನಗಳ ಎಂಜಿನ್ನಿನ ಬಳಿ ಇರುವಂಥವಕ್ಕೆ 125ರವರೆಗಿನದು ಬಂತು. ಎಷ್ಟೋ ಸಲ ಇವೆಲ್ಲ ಒಂದೇ ಹೆಂಚಿನ ರೊಟ್ಟಿಗಳು. ಸುಟ್ಟ ಮೇಲೆ ಪರೀಕ್ಷಿಸಿ, ಹೆಚ್ಚು ತಾಳಿದ್ದನ್ನು ಒಂದು ಬುಟ್ಟಿಗೆ, ಕಡಿಮೆ ತಾಳಿದ್ದನ್ನು ಇನ್ನೊಂದು ಬುಟ್ಟಿಗೆ ಹಾಕಿದಂತೆ. ಬೆಲೆಯ ವ್ಯತ್ಯಾಸದಲ್ಲಿ ದೊಡ್ಡ ಪಾಲು ಆ ಪರೀಕ್ಷೆಯದು, ಅದರ ಹಿಂದಿನ ಖಾತರಿಯದು. ಮನೆಬಳಕೆಯ ಅಗ್ಗದ ಸಾಮಾನಿನೊಳಗೆ ಇರುವುದು ಸಹಜವಾಗಿಯೇ ಕಡಿಮೆ ಖಾತರಿಯ ವರ್ಗ.

ಬೆಂಗಳೂರಿನ ಲೆಕ್ಕ, ಕೂಡ್ಲಿಗಿಯ ಲೆಕ್ಕ

ಈಗ ಲೆಕ್ಕ ಹಾಕಿ ನೋಡಬಹುದು. ಟಿ.ವಿ., ಚಾರ್ಜರು, ಆಟಿಕೆಗಳಲ್ಲೆಲ್ಲ ಬಳಸುತ್ತ ಬಂದಿರುವ 7805 ಎಂಬ ಮೂರು ಕಾಲಿನ ಐಸಿ ಒಂದಿದೆ. 5 ವೋಲ್ಟನ್ನು ಸ್ಥಿರವಾಗಿ ಕೊಡುವುದು ಅದರ ಕೆಲಸ. ಬೆನ್ನಿಗೆ ಅಲ್ಯೂಮಿನಿಯಮ್ ತುಂಡನ್ನು ಕಟ್ಟದಿದ್ದರೆ, ಅದು ವ್ಯಯಿಸುವ ಪ್ರತಿ ಒಂದು ವ್ಯಾಟಿಗೆ ಅದರೊಳಗಿನ ಸಿಲಿಕಾನ್ ಚೂರು ಸುತ್ತಲಿನ ಗಾಳಿಗಿಂತ ಸುಮಾರು 65 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಚೂರಿನ ಮಿತಿ 125 ಡಿಗ್ರಿ ಎಂದಿಟ್ಟುಕೊಂಡರೆ, 25 ಡಿಗ್ರಿಯ ಬೆಂಗಳೂರಿನ ಕೋಣೆಯಲ್ಲಿ ಮೇಜಿನ ಮೇಲೆ ಬಿಚ್ಚಿಟ್ಟು ಪರೀಕ್ಷಿಸಿದಾಗ ಅದು 90 ಡಿಗ್ರಿಯಲ್ಲಿ ನೆಮ್ಮದಿಯಾಗಿರುತ್ತದೆ. ಕೂಡ್ಲಿಗಿಯ ಮೇ ತಿಂಗಳಲ್ಲಿ ಶೀಟಿನ ಮನೆಯೊಳಗೆ 45 ಡಿಗ್ರಿ, ಮುಚ್ಚಿದ ಪೆಟ್ಟಿಗೆಯಲ್ಲಿ ಇನ್ನೂ 20 ಹೆಚ್ಚಿ 65 ಡಿಗ್ರಿ ಎಂದು ಹಿಡಿದರೆ ಅದೇ ಚೂರು 130 ಡಿಗ್ರಿ ಮುಟ್ಟುತ್ತದೆ. ಐಸಿ ಬದಲಾಗಿಲ್ಲ, ಕೆಲಸ ಬದಲಾಗಿಲ್ಲ, ಊರು ಮತ್ತು ಪೆಟ್ಟಿಗೆ ಬದಲಾಗಿವೆ ಅಷ್ಟೆ. ಜಾತ್ರೆಯ ಮೈಕ್ ಸೆಟ್ಟಿನ ಆಂಪ್ಲಿಫೈಯರಿನ ಬೆನ್ನಿಗೆ ಬಾಚಣಿಗೆಯಂಥ ಕಪ್ಪು ಅಲ್ಯೂಮಿನಿಯಮ್ ಹಲ್ಲುಗಳಿರುವುದು ಚೆಂದಕ್ಕಲ್ಲ, ಈ ಬಿಸಿಯನ್ನು ಗಾಳಿಗೆ ಬಿಡುವುದಕ್ಕೆ.

ಕೆಪಾಸಿಟರಿನ ಕತೆ ಇನ್ನೂ ಸ್ಪಷ್ಟ. ಅದರೊಳಗೆ ಇರುವುದು ದ್ರಾವಣದಲ್ಲಿ ನೆನೆದ ಕಾಗದದ ಸುರುಳಿ. ಗಡಿಗೆಗೆ ಸುತ್ತಿದ ಒದ್ದೆ ಬಟ್ಟೆಯಂತೆ ಅದು ಬಿಸಿಗೆ ನಿಧಾನವಾಗಿ ಒಣಗುತ್ತದೆ. ಅದರ ಮೇಲೆ 85 ಡಿಗ್ರಿ ಎಂದು ಬರೆದಿದ್ದರೆ, 85 ಡಿಗ್ರಿಯಲ್ಲಿ ಶಾಶ್ವತವಾಗಿ ಬಾಳುತ್ತದೆ ಎಂದಲ್ಲ. ತಯಾರಕರ ಪಟ್ಟಿಯಲ್ಲಿ ಅದರ ಪಕ್ಕದಲ್ಲಿ ಗಂಟೆಗಳ ಇನ್ನೊಂದು ಅಂಕಿ ಇರುತ್ತದೆ. ಸಾಮಾನ್ಯವಾಗಿ ಅದು 2,000 ಗಂಟೆ, ಅಂದರೆ ಬಿಡುವಿಲ್ಲದೆ ನಡೆದರೆ ಮೂರು ತಿಂಗಳೂ ಆಗದು. 10 ಡಿಗ್ರಿ ಇಳಿದಂತೆ ಆಯುಸ್ಸು ಇಮ್ಮಡಿಯಾಗುವ ನಿಯಮದಂತೆ 45 ಡಿಗ್ರಿಯ ಪೆಟ್ಟಿಗೆಯಲ್ಲಿ ಇದು 32,000 ಗಂಟೆ ಬಾಳಬಹುದು, ಎಂದರೆ ಮೂರೂವರೆ ವರ್ಷಕ್ಕೂ ಹೆಚ್ಚು. 65 ಡಿಗ್ರಿಯ ಪೆಟ್ಟಿಗೆಯಲ್ಲಿ 8,000 ಗಂಟೆ, ಎಂದರೆ ಹನ್ನೊಂದು ತಿಂಗಳು. ರಾತ್ರಿಯ ತಂಪು, ಚಳಿಗಾಲ, ಕರೆಂಟು ಹೋದ ಹೊತ್ತು ಇವು ನಿಜ ಜೀವನದಲ್ಲಿ ಈ ಲೆಕ್ಕವನ್ನು ಸಡಿಲಿಸುತ್ತವೆ. ಆದರೂ ನಾಲ್ಕಕ್ಕೆ ಒಂದು ಎಂಬ ಅನುಪಾತದ ಅರ್ಥ ತಪ್ಪುವುದಿಲ್ಲ. ಅದೇ ಜಾಗದಲ್ಲಿ 105 ಡಿಗ್ರಿಯ ಕೆಪಾಸಿಟರ್ ಹಾಕಿದ್ದರೆ 65 ಡಿಗ್ರಿಯಲ್ಲೂ ಅದು 32,000 ಗಂಟೆ ಬಾಳುತ್ತಿತ್ತು. ವ್ಯತ್ಯಾಸ ಕೆಲವು ರೂಪಾಯಿಗಳದು. ಆ ಕೆಲವು ರೂಪಾಯಿ ಉಳಿಸಿದವನು ತಯಾರಕ, ಬೇಸಿಗೆಯ ನಡುವೆ ಪೆಟ್ಟಿಗೆ ಹೊತ್ತು ಪೇಟೆಗೆ ಬರುವವನು ಕೊಂಡವನು.

ಸೌರ ಫಲಕದ ಅಂಕಿಯೂ ಹೀಗೆಯೇ. 100 ವ್ಯಾಟಿನ ಫಲಕ ಎಂದರೆ ಅದರ ಕೋಶಗಳು 25 ಡಿಗ್ರಿಯಲ್ಲಿದ್ದಾಗ 100 ವ್ಯಾಟ್ ಎಂದರ್ಥ. ಪ್ರತಿ ಡಿಗ್ರಿ ಹೆಚ್ಚಿದಂತೆ ಅದರ ಶಕ್ತಿ ಶೇ 0.3ರಿಂದ 0.4ರಷ್ಟು ಕುಸಿಯುತ್ತದೆ. ಉರಿಬಿಸಿಲಿನಲ್ಲಿ ಕೋಶಗಳು 65 ಡಿಗ್ರಿಗೆ ಕಾಯ್ದರೆ ಸಿಗುವುದು 84ರಿಂದ 88 ವ್ಯಾಟ್. ಬಿಸಿಲು ಹೆಚ್ಚಿದ್ದಷ್ಟೂ ಕರೆಂಟು ಹೆಚ್ಚು ಎಂಬ ಮಾತಿನಲ್ಲಿ ಬೆಳಕು ಮತ್ತು ಬಿಸಿ ಎರಡೂ ಬೆರೆತುಹೋಗಿವೆ.

ಅಂಕಿಗೂ ಊರುಂಟು

25 ಡಿಗ್ರಿ ಎಂಬ ಈ ಆಧಾರದ ಅಂಕಿ ಪ್ರಕೃತಿ ನಿಯಮವಲ್ಲ. ಸಮಶೀತೋಷ್ಣ ದೇಶಗಳ ಪ್ರಯೋಗಾಲಯಗಳಲ್ಲಿ ಸುಲಭವಾಗಿ ಸಿಗುವ ಉಷ್ಣಾಂಶ ಅದು. ಇದನ್ನು ಬದಲಿಸಬಹುದು ಎಂಬುದಕ್ಕೆ ಭಾರತದಲ್ಲೇ ಉದಾಹರಣೆಗಳಿವೆ. 1947ರಲ್ಲಿ ಹುಟ್ಟಿ 1987ರಲ್ಲಿ ಈಗಿನ ಭಾರತೀಯ ಮಾನಕ ಬ್ಯೂರೊ ಆಗಿ ಬದಲಾದ ಸಂಸ್ಥೆಯು ಪರೀಕ್ಷೆಗಳಿಗೆ 27 ಡಿಗ್ರಿಯನ್ನು ಆಧಾರವಾಗಿ ಇಟ್ಟುಕೊಂಡಿತು. ಇನ್‌ವರ್ಟರಿನ ಸೀಸ–ಆಮ್ಲ ಬ್ಯಾಟರಿಯ ಸಾಮರ್ಥ್ಯವನ್ನು ಇಲ್ಲಿ 27 ಡಿಗ್ರಿಯಲ್ಲೇ ಅಳೆಯುತ್ತಾರೆ. ಇನ್ನೂ ಮುಖ್ಯವಾದದ್ದು ರೈತರು ‘ಟಿಸಿ’ ಎಂದು ಕರೆಯುವ ಟ್ರಾನ್ಸ್‌ಫಾರ್ಮರಿನ ಸಂಗತಿ. ಸುತ್ತಲಿನ ಗಾಳಿ 40 ಡಿಗ್ರಿಯವರೆಗೆ ಹೋಗಬಹುದು ಎಂಬುದು ಅಂತರರಾಷ್ಟ್ರೀಯ ಮಾನಕದ ಸಾಮಾನ್ಯ ಎಣಿಕೆ. ಭಾರತೀಯ ಮಾನಕ ಅದನ್ನು 50 ಡಿಗ್ರಿ ಎಂದು ಹಿಡಿಯಿತು. ಹೊಲದ ಅಂಚಿನಲ್ಲಿ ನಿಂತ ಟಿಸಿಗೆ ಬಳ್ಳಾರಿಯ ಬಿಸಿಲು ಗೊತ್ತಿರಬೇಕು ಎಂದು ಯಾರೋ ಯೋಚಿಸಿದ್ದರು ಎಂದಾಯಿತು. ಅದೇ ಟಿಸಿಯಿಂದ ಕರೆಂಟು ಪಡೆಯುವ ಪುಟ್ಟ ಪೆಟ್ಟಿಗೆಗಳಿಗೆ ಈ ಭಾಗ್ಯ ಎಲ್ಲ ಸಲ ಸಿಕ್ಕಿಲ್ಲ.

ಚಂದ್ರನ ಬಿಸಿ

ಈ ಪಾಠ ಬಡವರ ಮನೆಯ ಇನ್‌ವರ್ಟರಿಗೆ ಮಾತ್ರ ಸೀಮಿತವಲ್ಲ. ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ ತಯಾರಾದ ಚಂದ್ರಯಾನ–1 ನೌಕೆ 2008ರ ಅಕ್ಟೋಬರ್ 22ರಂದು ಹಾರಿತು. ಚಂದ್ರನಿಂದ 100 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದ್ದಾಗ, ನವೆಂಬರಿನಲ್ಲಿ, ಕಾದ ಚಂದ್ರನೆಲದಿಂದ ಹೊಮ್ಮುವ ಶಾಖ ನಿರೀಕ್ಷೆ ಮೀರಿ ನೌಕೆಯ ಒಳಗಿನ ಉಷ್ಣಾಂಶ 50 ಡಿಗ್ರಿ ದಾಟಿತು. ವಿಜ್ಞಾನಿಗಳು ನೌಕೆಯನ್ನು ಸುಮಾರು 20 ಡಿಗ್ರಿ ಕೋನದಷ್ಟು ಹೊರಳಿಸಿದರು. ಕೆಲವು ಉಪಕರಣಗಳನ್ನು ಆರಿಸಿ, ಸರದಿಯಂತೆ ಬಳಸಿದರು. 2009ರಲ್ಲಿ ದಿಕ್ಕು ಗುರುತಿಸುವ ನಕ್ಷತ್ರ ಸಂವೇದಕಗಳು ಕೈಕೊಟ್ಟವು. ಆ ವರ್ಷದ ಮೇ ತಿಂಗಳಲ್ಲಿ ನೌಕೆಯನ್ನು 200 ಕಿಲೋಮೀಟರ್ ಎತ್ತರಕ್ಕೆ ಏರಿಸಲಾಯಿತು. ಆಗಸ್ಟ್ 29ರಂದು ಸಂಪರ್ಕ ಕಡಿಯಿತು. ಎರಡು ವರ್ಷಕ್ಕೆಂದು ಹೊರಟದ್ದು 312 ದಿನ ಬಾಳಿತು. ಅಷ್ಟರಲ್ಲೇ ಅದು ಚಂದ್ರನಲ್ಲಿ ನೀರಿನ ಕುರುಹು ಗುರುತಿಸಿತ್ತು ಎಂಬುದು ಅದರ ಹಿರಿಮೆ.

ಮುಂದಿನ ಯಾನಗಳ ಸಿದ್ಧತೆಗೆ ಇಸ್ರೊ ಬಂದದ್ದು ಕೂಡ್ಲಿಗಿಗೆ ದೂರವಲ್ಲದ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿಗೆ. ಚಂದ್ರನ ನೆಲದಂಥ ಕುಳಿಗಳನ್ನು ಅಲ್ಲಿ ತೋಡಿ, ಇಳಿಯುವ ನೌಕೆಯ ಸಂವೇದಕಗಳನ್ನು 2016ರಲ್ಲಿ ಪರೀಕ್ಷಿಸಲಾಯಿತು. 2023ರ ಆಗಸ್ಟ್ 23ರಂದು ಚಂದ್ರಯಾನ–3 ಚಂದ್ರನ ಮೇಲೆ ಇಳಿಯಿತು. ಅದರ ವಿಕ್ರಮ್ ಮತ್ತು ಪ್ರಗ್ಯಾನ್‌ಗಳನ್ನು ರೂಪಿಸಿದ್ದು ಒಂದು ಚಂದ್ರ ಹಗಲಿಗೆ, ಎಂದರೆ ಭೂಮಿಯ 14 ದಿನಗಳಿಗೆ. ಅನಂತರದ ರಾತ್ರಿಯ ಕೊರೆಯುವ ಚಳಿ ಅವುಗಳ ಎಲೆಕ್ಟ್ರಾನಿಕ್ಸಿನ ಮಿತಿಗಿಂತ ಎಷ್ಟೋ ಕೆಳಗಿನದು. ಸೆಪ್ಟೆಂಬರಿನಲ್ಲಿ ಮತ್ತೆ ಬೆಳಗಾದಾಗ ಕರೆದರೂ ಅವು ಓಗೊಡಲಿಲ್ಲ. ಅದು ಸೋಲಲ್ಲ, ಮೊದಲೇ ಬರೆದುಕೊಟ್ಟ ಅವಧಿ ಮುಗಿದದ್ದು. ಉಷ್ಣಾಂಶದ ಮಿತಿಯನ್ನು ಸರಿಯಾಗಿ ಓದಿದವರಿಗೆ ಎಲ್ಲಿಯವರೆಗೆ ಆಸೆ ಇಟ್ಟುಕೊಳ್ಳಬೇಕೆಂಬುದೂ ಗೊತ್ತಿರುತ್ತದೆ.

ರಿಪೇರಿ ಅಂಗಡಿಯ ಗಿರಾಕಿಗೆ ಈಗ ಉತ್ತರ ಕೊಡಬಹುದು. ಊರಿನ 42 ನೆರಳಿನದು, ಕೆಪಾಸಿಟರಿನ 85 ಪೆಟ್ಟಿಗೆಯೊಳಗಿನದು. ನಡುವಿನ ಅಂತರವನ್ನು ಶೀಟು, ಮುಚ್ಚಿದ ಪೆಟ್ಟಿಗೆ ಮತ್ತು ಕರೆಂಟಿನ ಸ್ವಂತ ಕಾವು ಸೇರಿ ತಿಂದುಹಾಕಿದವು. ಉಳಿದದ್ದನ್ನು ತಿಂಗಳುಗಳು ತಿಂದವು. ಇನ್‌ವರ್ಟರನ್ನು ಗೋಡೆಗೆ ಒತ್ತದೆ ಗಾಳಿಯಾಡುವಂತೆ ಇಡುವುದು, ಶೀಟಿಗೆ ತೀರ ಹತ್ತಿರ ಬಲ್ಬು ಕಟ್ಟದಿರುವುದು, ಸ್ಟಾರ್ಟರ್ ಪೆಟ್ಟಿಗೆಗೆ ಮೇಲೊಂದು ನೆರಳು ಮಾಡುವುದು, ಕೆಪಾಸಿಟರ್ ಬದಲಿಸುವಾಗ 105ರದನ್ನೇ ಕೇಳಿ ಹಾಕಿಸುವುದು ಇವು ಖರ್ಚಿಲ್ಲದ, ಇಲ್ಲವೇ ಅತಿ ಕಡಿಮೆ ಖರ್ಚಿನ ಉಪಾಯಗಳು. ಪೆಟ್ಟಿಗೆಯ ಒಳಗೆ 10 ಡಿಗ್ರಿ ಇಳಿಸಿದರೆ ಅದರ ಆಯುಸ್ಸು ಇಮ್ಮಡಿ. ಮಣ್ಣಿನ ಮಾಳಿಗೆ ಕಟ್ಟಿದ ಹಿರಿಯರು ಈ ಸೂತ್ರವನ್ನು ಓದಿರಲಿಲ್ಲ. ಆದರೆ ಬಿಸಿಲನ್ನು ಮನೆಯ ಹೊರಗೇ ನಿಲ್ಲಿಸಬೇಕೆಂಬುದನ್ನು ಬಲ್ಲವರಾಗಿದ್ದರು.